ನೀವು ಹೋಗದ ದಿನ ಯಾರಿಗಾದರೂ ಗೊತ್ತಾಗುತ್ತದಾ?

ಈ ಸಲ ಮುಂಬೈ ಕಡೆಯ ಮೂರು ಪ್ರಶ್ನೆ ತೆಗೆದುಕೊಂಡಿದ್ದೇನೆ. ಮೂರೂ ಕಾಲೇಜು ಮಕ್ಕಳ ಸಮಾಜಸೇವೆಯ ಬಗ್ಗೆ. ಇಪ್ಪತ್ತು ವರ್ಷ ಕಾಲೇಜಿನಲ್ಲಿ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ನೋಡಿಕೊಂಡಿದ್ದೇನೆ, ಅದರ ಅನುಭವದಿಂದ ಉತ್ತರ ಕೊಡುತ್ತಿದ್ದೇನೆ.

ಪ್ರಶ್ನೆ: ಮನೆ ಡೊಂಬಿವಲಿ, ಕಾಲೇಜು ಮುಲುಂಡ್, ಎಫ್‌ವೈ (ಮೊದಲ ವರ್ಷ) ಬಿ.ಕಾಂ. ಏನಾದರೂ ಸೇವೆ ಮಾಡಬೇಕು ಅಂತ ಆಸೆ ಇದೆ. ಎನ್‌ಎಸ್‌ಎಸ್ ಅಂದರೆ ಬರೀ ಫೋಟೋ, ಮಾರ್ಕ್ಸ್ ಅಂತ ಗೆಳತಿಯರು ನಗುತ್ತಾರೆ. ಕಾಲೇಜಿನಲ್ಲೇ ಸೇರಲಾ, ಹೊರಗಿನ ಸಂಸ್ಥೆ ನೋಡಲಾ? ಸಮಯ ಕಡಿಮೆ.

ಗೆಳತಿಯರು ಪೂರ್ತಿ ಸುಳ್ಳು ಹೇಳುತ್ತಿಲ್ಲ. ಬ್ಯಾನರ್ ಹಿಡಿದು ಗೇಟಿನವರೆಗೆ ರ‍್ಯಾಲಿ ಹೋಗಿ, ಫೋಟೋ ತೆಗೆಸಿಕೊಂಡು, ವಡಾ ಪಾವ್ ತಿಂದು ವಾಪಸ್ ಬಂದ ದಿನಗಳನ್ನು ನಾನೂ ಕಂಡಿದ್ದೇನೆ. ಆದರೂ ಮೊದಲು ಕಾಲೇಜಿನಲ್ಲೇ ಸೇರಿ ಅಂತಲೇ ಹೇಳುತ್ತೇನೆ.

ಎನ್‌ಎಸ್‌ಎಸ್ ಶುರುವಾಗಿದ್ದು 1969ರ ಸೆಪ್ಟೆಂಬರ್ 24ರಂದು. ಅದು ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬಿದ ವರ್ಷ. ಆಗ 37 ವಿಶ್ವವಿದ್ಯಾಲಯಗಳಲ್ಲಿ ಮಾತ್ರ ಇತ್ತು. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಕೆಲಸ, ಜೊತೆಗೆ ಏಳು ದಿನದ ಒಂದು ಶಿಬಿರ. 120 ಅಂದರೆ ಗಾಬರಿ ಬೇಡ. ವಾರಕ್ಕೆ ಮೂರು ಗಂಟೆಯಂತೆ 40 ವಾರ, ಅಷ್ಟೇ. ನೀವು ಲೋಕಲ್‌ನಲ್ಲಿ ನಿಂತು ಕಳೆಯುವ ಸಮಯ ಇದಕ್ಕಿಂತ ಜಾಸ್ತಿ ಅಲ್ವಾ?

ಶಿಬಿರವನ್ನು ಮಾತ್ರ ತಪ್ಪಿಸಬೇಡಿ. ಮುಂಬೈ ಕಾಲೇಜುಗಳು ಸಾಮಾನ್ಯವಾಗಿ ಪಾಲ್ಘರ್, ಠಾಣೆ, ರಾಯಗಡ ಜಿಲ್ಲೆಯ ಹಳ್ಳಿಗಳಿಗೆ ಹೋಗುತ್ತವೆ. ಅಲ್ಲಿ ವನರಾಯಿ ಬಂಧಾರಾ ಕಟ್ಟುವ ಕೆಲಸ ಸಿಕ್ಕರೆ ನಿಮ್ಮ ಅದೃಷ್ಟ. ಸಿಮೆಂಟಿನ ಖಾಲಿ ಚೀಲಗಳಿಗೆ ಮಣ್ಣು ತುಂಬಿ, ಬಾಯಿ ಹೊಲಿದು, ಹಳ್ಳಕ್ಕೆ ಅಡ್ಡಲಾಗಿ ಇಟ್ಟಿಗೆಯ ಹಾಗೆ ಜೋಡಿಸುತ್ತಾರೆ. ಮಳೆಗಾಲ ಮುಗಿದ ಮೇಲೆ ಹರಿದುಹೋಗುವ ನೀರು ಅಲ್ಲಿ ನಿಲ್ಲುತ್ತದೆ. ಸಾಲಾಗಿ ನಿಂತು ಕೈಯಿಂದ ಕೈಗೆ ಚೀಲ ದಾಟಿಸುವಾಗ ಐವತ್ತನೆಯ ಚೀಲಕ್ಕೆ ಬೆನ್ನು ಕೇಳುವುದಿಲ್ಲ. ನಮ್ಮ ಒಂದು ಶಿಬಿರದಲ್ಲಿ ಸಂಜೆ ಹೊತ್ತಿಗೆ ಚೀಲಗಳ ಹಿಂದೆ ಮೊಣಕಾಲುದ್ದ ನೀರು ನಿಂತಾಗ, ಬೆಳಿಗ್ಗೆಯಿಂದ ಗೊಣಗುತ್ತಿದ್ದ ಹುಡುಗನೇ ಮೊದಲು ಇಳಿದ. ಅವನಿಗೆ ಅಂದು ನಾನು ಭಾಷಣ ಮಾಡುವ ಅಗತ್ಯ ಬೀಳಲಿಲ್ಲ.

ಎನ್‌ಎಸ್‌ಎಸ್‌ನಲ್ಲಿ ಸೀಟು ತುಂಬಿದ್ದರೆ ಡಿಎಲ್‌ಎಲ್‌ಇ ಬಗ್ಗೆ ಕೇಳಿ. ಮುಂಬೈ ವಿಶ್ವವಿದ್ಯಾಲಯದ ಎಕ್ಸ್‌ಟೆನ್ಶನ್ ವಿಭಾಗ ಅದು, ಅಂದರೆ ವಿದ್ಯಾರ್ಥಿಗಳನ್ನು ಸಮಾಜದ ಕೆಲಸಕ್ಕೆ ಹಚ್ಚುವ ವಿಭಾಗ. ಸರ್ವೆ, ಬೀದಿನಾಟಕ, ಮಹಿಳೆಯರ ಸ್ಥಿತಿಗತಿ ಕುರಿತ ಪ್ರಾಜೆಕ್ಟ್ ಹೀಗೆ ಇರುತ್ತವೆ. ಮಾರ್ಕ್ಸ್, ಕ್ರೆಡಿಟ್ ಲೆಕ್ಕ ಆಗಾಗ ಬದಲಾಗುತ್ತದೆ. ಅದನ್ನು ಸೀನಿಯರ್‌ಗಳ ಬಾಯಿಮಾತಿನಲ್ಲಿ ನಂಬದೆ ಕಾಲೇಜಿನಲ್ಲಿ ಇದನ್ನು ನೋಡಿಕೊಳ್ಳುವ ಅಧ್ಯಾಪಕರ ಹತ್ತಿರವೇ ಕೇಳಿ.

ಹೊರಗಿನ ಸಂಸ್ಥೆ ಬೇಕೇ ಬೇಕು ಅಂದರೆ ನಿಮ್ಮ ರೈಲ್ವೆ ಲೈನ್ ಬಿಟ್ಟು ಹೋಗಬೇಡಿ. ವರ್ಸೋವಾ ಬೀಚಿನ ಕಥೆ ನೀವು ಕೇಳಿರುತ್ತೀರಿ. ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರ್‌ನಲ್ಲಿ ನೆರೆಮನೆಯ ಹಿರಿಯರೊಬ್ಬರ ಜೊತೆ ಅಲ್ಲಿ ಕಸ ಎತ್ತಲು ಶುರು ಮಾಡಿದರು. ಮರುವರ್ಷ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. 2018ರಲ್ಲಿ ಆ ಬೀಚಿನಲ್ಲಿ ಆಲಿವ್ ರಿಡ್ಲಿ ಆಮೆಮರಿಗಳು ಸಮುದ್ರಕ್ಕೆ ಇಳಿದವು. ಎಲ್ಲರೂ ಆಮೆಯನ್ನು ನೆನಪಿಟ್ಟುಕೊಂಡರು, ಆ ಮನುಷ್ಯ ವಾರವಾರವೂ ಹೋಗುತ್ತಿದ್ದುದನ್ನು ಮರೆತರು. ಅವರ ಮನೆ ಅಲ್ಲೇ ಇತ್ತು. ನೀವು ಡೊಂಬಿವಲಿಯಿಂದ ಘಾಟ್ಕೋಪರ್‌ಗೆ ಬಂದು, ಮೆಟ್ರೋ ಹಿಡಿದು ವರ್ಸೋವಾ ಮುಟ್ಟುವಷ್ಟರಲ್ಲಿ ಅರ್ಧ ಭಾನುವಾರ ಮುಗಿದಿರುತ್ತದೆ. ಎರಡು ವಾರ ಹೋಗುತ್ತೀರಿ, ಮೂರನೆಯ ವಾರ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ರೈಲು ಕಡಿತ.

ಎಲ್ಲಿ ಸೇರಿದರೂ ಒಂದು ಪ್ರಶ್ನೆ ಕೇಳಿಕೊಳ್ಳಿ. ನಾನು ಒಂದು ವಾರ ಹೋಗದಿದ್ದರೆ ಅಲ್ಲಿ ಯಾರಿಗಾದರೂ ಗೊತ್ತಾಗುತ್ತದಾ? ಗೊತ್ತಾಗುತ್ತದೆ ಅಂತಾದರೆ ಅದು ಕೆಲಸ. ಇಲ್ಲದಿದ್ದರೆ ನೀವು ಗುಂಪಿನ ಫೋಟೋದಲ್ಲಿ ಒಂದು ತಲೆ.

ಪ್ರಶ್ನೆ: ಠಾಣೆಯಲ್ಲಿ ನಮ್ಮದು ಸಣ್ಣ ಹೋಟೆಲ್. ಮಗ ಆನ್‌ಲೈನ್‌ನಲ್ಲಿ ಯಾವುದೋ ಎನ್‌ಜಿಒಗೆ ಇಂಟರ್ನ್ ಆಗಿ ಸೇರಿದ್ದಾನೆ. ತಿಂಗಳೊಳಗೆ ಹತ್ತು ಸಾವಿರ ರೂಪಾಯಿ ಚಂದಾ ಸಂಗ್ರಹಿಸಿದರೆ ಮಾತ್ರ ಸರ್ಟಿಫಿಕೇಟ್ ಅಂತೆ. ಊರಿನ ನೆಂಟರಿಗೆಲ್ಲ ಮೆಸೇಜ್ ಹಾಕುತ್ತಿದ್ದಾನೆ. ಇದು ಸರಿಯಾ?

ಸರಿ ಅಲ್ಲ. ಇದು ಸಂಬಳವಿಲ್ಲದ ಸೇಲ್ಸ್ ಕೆಲಸ. ನಿಮ್ಮ ಮಗ ಈವರೆಗೆ ಆ ಸಂಸ್ಥೆಯಿಂದ ಸಹಾಯ ಪಡೆದ ಒಬ್ಬ ಮನುಷ್ಯನ ಮುಖವನ್ನಾದರೂ ನೋಡಿದ್ದಾನಾ, ಕೇಳಿ. ಬಹುಶಃ ನೋಡಿರುವುದಿಲ್ಲ. ನೋಡಿದ್ದು ಕುಂದಾಪುರದ ಚಿಕ್ಕಮ್ಮನ ಗೂಗಲ್ ಪೇ ಮಾತ್ರ.

ಚಂದಾ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಹಣವಿಲ್ಲದೆ ಯಾವ ಸಂಸ್ಥೆಯೂ ನಡೆಯುವುದಿಲ್ಲ. ಆದರೆ ಹದಿನೆಂಟು ವರ್ಷದ ಹುಡುಗನಿಗೆ ಟಾರ್ಗೆಟ್ ಕೊಟ್ಟು ಸರ್ಟಿಫಿಕೇಟನ್ನು ಅದಕ್ಕೆ ಕಟ್ಟಿಹಾಕುವುದು ಬೇರೆ ಮಾತು. ಮಹಾರಾಷ್ಟ್ರದಲ್ಲಿ ಟ್ರಸ್ಟ್‌ಗಳು 1950ರ ಕಾಯ್ದೆಯ ಕೆಳಗೆ ಚಾರಿಟಿ ಕಮಿಷನರ್ ಹತ್ತಿರ ನೋಂದಣಿ ಮಾಡಿಸಿರಬೇಕು. ನೋಂದಣಿ ನಂಬರ್ ಕೇಳಿ. ಕೊಟ್ಟವರಿಗೆಲ್ಲ 80ಜಿ ರಸೀದಿ (ಆದಾಯ ತೆರಿಗೆ ವಿನಾಯಿತಿಗೆ ಬೇಕಾದದ್ದು) ಬರುತ್ತದಾ ಕೇಳಿ. ಹಣ ಯಾರ ಖಾತೆಗೆ ಹೋಗುತ್ತದೆ ನೋಡಿ. ಸಂಸ್ಥೆಯ ಹೆಸರಿನ ಖಾತೆ ಅಲ್ಲದಿದ್ದರೆ ಇವತ್ತೇ ನಿಲ್ಲಿಸಿ. ಈಗಾಗಲೇ ಕೊಟ್ಟ ನೆಂಟರಿಗೆ ನಿಜ ಹೇಳಿಬಿಡಿ, ಮುಚ್ಚಿಡಬೇಡಿ. ಸರ್ಟಿಫಿಕೇಟ್ ಹೋದರೆ ಹೋಗಲಿ.

ಒಳ್ಳೆಯ ಸಂಸ್ಥೆಯ ಗುರುತು ಏನು ಗೊತ್ತಾ? ಅವರು ಬೇಗ ಸೇರಿಸಿಕೊಳ್ಳುವುದಿಲ್ಲ. ಮಕ್ಕಳ ಜೊತೆ ಕೆಲಸವಾದರೆ ಐಡಿ ಕೇಳುತ್ತಾರೆ, ಮಾತಾಡಿಸುತ್ತಾರೆ, ಮಕ್ಕಳ ಫೋಟೋ ತೆಗೆಯಬೇಡಿ ಅನ್ನುತ್ತಾರೆ. ಮಗನಿಗೆ ಅದು ಕಿರಿಕಿರಿ ಅನ್ನಿಸಬಹುದು. ಅಂಥ ಕಡೆಗೇ ಕಳಿಸಿ.

ಪ್ರಶ್ನೆ: ಟಿವೈ (ಮೂರನೆಯ ವರ್ಷ) ಬಿಎ ಓದುತ್ತಿದ್ದೇನೆ, ಮನೆ ಮೀರಾ ರೋಡ್. ಕನ್ನಡ ಓದಲು, ಬರೆಯಲು ಚೆನ್ನಾಗಿ ಬರುತ್ತದೆ. ಈ ಊರಿನಲ್ಲಿ ಅದರಿಂದ ಯಾರಿಗಾದರೂ ಉಪಯೋಗ ಇದೆಯಾ?

ಇದೆ. ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ.

ಒಂದು ಕಾಲದಲ್ಲಿ ಮುಂಬೈ ಕನ್ನಡಿಗರು ಹೋಟೆಲ್ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದರು. ಹಗಲೆಲ್ಲ ಲೋಟ ತೊಳೆದ ಕೈ ರಾತ್ರಿ ಸ್ಲೇಟು ಹಿಡಿಯುತ್ತಿತ್ತು. ಆ ಕಾಲ ಮುಗಿಯಿತು. ಆದರೂ ಮಹಾನಗರ ಪಾಲಿಕೆ ಈಗಲೂ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅದರಲ್ಲಿ ಒಂದು. ಮಕ್ಕಳು ಕಡಿಮೆಯಾಗಿದ್ದಾರೆ. ಇರುವ ಮಕ್ಕಳಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಸಾಮಾನ್ಯವಾಗಿ ಇರುವುದಿಲ್ಲ. ಮುಖ್ಯೋಪಾಧ್ಯಾಯರನ್ನು ಕಂಡು, ಶನಿವಾರ ಒಂದು ಗಂಟೆ ಓದಿಸುತ್ತೇನೆ ಅಂತ ಕೇಳಿ. ಕಥೆಪುಸ್ತಕ ನೀವೇ ತೆಗೆದುಕೊಂಡು ಹೋಗಿ.

ಇನ್ನೊಂದು ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ. ದೇಶದ ಎಲ್ಲ ಕಡೆಯಿಂದ ಅಲ್ಲಿಗೆ ರೋಗಿಗಳು ಬರುತ್ತಾರೆ, ನಮ್ಮ ಕಲಬುರಗಿ, ಬಾಗಲಕೋಟೆ ಕಡೆಯವರೂ ಇರುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ರಿಪೋರ್ಟು ಹಿಡಿದು, ಯಾವ ಕ್ಯೂ ಅಂತ ತಿಳಿಯದೆ ಗೋಡೆಗೆ ಒರಗಿ ನಿಂತಿರುತ್ತಾರೆ. ಅವರಿಗೆ ‘ಎಲ್ಲಿಂದ ಬಂದ್ರಿ ಅಣ್ಣಾ’ ಅಂತ ಕೇಳುವ ಒಂದು ದನಿ ಸಾಕು, ಅರ್ಧ ಭಯ ಇಳಿಯುತ್ತದೆ. ಆದರೆ ನೇರವಾಗಿ ನುಗ್ಗಬೇಡಿ. ಆಸ್ಪತ್ರೆಯ ಮೆಡಿಕಲ್ ಸೋಶಿಯಲ್ ವರ್ಕ್ ವಿಭಾಗದ ಮೂಲಕವೇ ಹೋಗಿ. ಮತ್ತೆ, ಡಾಕ್ಟರ್ ಹೇಳಿದ ಮಾತಿಗೆ ನಿಮ್ಮದೊಂದು ಸಮಾಧಾನ ಸೇರಿಸಬೇಡಿ. ‘ಏನೂ ಆಗಲ್ಲ ಬಿಡಿ’ ಅನ್ನುವ ಅಧಿಕಾರ ನಮಗಿಲ್ಲ.

ನನಗೆ ತುಂಬಾ ಇಷ್ಟವಾದ ಕೆಲಸ ಕೊನೆಗೆ ಇಟ್ಟಿದ್ದೇನೆ, ದೃಷ್ಟಿ ಇಲ್ಲದವರಿಗೆ ಪರೀಕ್ಷೆ ಬರೆದುಕೊಡುವುದು. ಇದಕ್ಕೆ ರೈಟರ್ ಅನ್ನುತ್ತಾರೆ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿರುವ ದೃಷ್ಟಿಹೀನರ ರಿಸೋರ್ಸ್ ಸೆಂಟರ್, ವರಳಿಯ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್ ಎರಡೂ ಕಡೆ ವಿಚಾರಿಸಿ. ರೈಟರ್ ಅಭ್ಯರ್ಥಿಗಿಂತ ಕೆಳಗಿನ ತರಗತಿಯವರಾಗಿರಬೇಕು ಅಂತ ನಿಯಮ ಇರುವುದರಿಂದ ನೀವು ಯಾರಿಗೆ ಬರೆಯಬಹುದು ಅಂತ ಮೊದಲೇ ಕೇಳಿಕೊಳ್ಳಿ. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಮೂರು ಗಂಟೆಯ ಪೇಪರ್ ನಾಲ್ಕು ಗಂಟೆ ಆಗುತ್ತದೆ. ಬೆರಳು ಹಿಡಿದುಕೊಳ್ಳುತ್ತದೆ, ಮನೆಯಲ್ಲಿ ಒಂದು ಸಲ ಬರೆದು ಅಭ್ಯಾಸ ಮಾಡಿ.

ನಮ್ಮ ಒಬ್ಬ ಹುಡುಗಿ ಮೊದಲ ಸಲ ಹೋದಾಗ ಉತ್ತರ ತಪ್ಪು ಅಂತ ಗೊತ್ತಾಗಿ ಪೆನ್ ನಿಲ್ಲಿಸಿಬಿಟ್ಟಳು. ಎದುರಿಗಿದ್ದಾಕೆ ನಕ್ಕು, ‘ನಿಲ್ಲಿಸಬೇಡ, ತಪ್ಪು ನಂದು, ಅಕ್ಷರ ನಿಂದು’ ಅಂದಳಂತೆ. ಹೇಳಿದ್ದನ್ನು ಹಾಗೇ ಬರೆಯಿರಿ. ಶುರುವಿನಲ್ಲಿ ಪ್ರಶ್ನೆಪತ್ರಿಕೆಯನ್ನು ಮಾರ್ಕ್ಸ್ ಸಮೇತ ಪೂರ್ತಿ ಒಮ್ಮೆ ಓದಿ ಹೇಳಿ. ಕೇಳದೆ ವೇಗ ಹೆಚ್ಚಿಸಬೇಡಿ. ಪರೀಕ್ಷೆಯ ಕೋಣೆಯ ಗಡಿಯಾರ ನಿಮಗೊಬ್ಬರಿಗೇ ಕಾಣುತ್ತಿರುತ್ತದೆ, ಅರ್ಧ ಗಂಟೆಗೊಮ್ಮೆ ಮೆಲ್ಲಗೆ ಸಮಯ ಹೇಳಿ.