ಮುಚ್ಚಿಗೆಗೆ ಬಿಳಿ ಬಣ್ಣ: ಸ್ವಲ್ಪ ತಡೆಯಿರಿ

ಉಡುಪಿಯ ಹಳೇ ಹಂಚಿನ ಮನೆಯ ಚಾವಡಿ ತುಂಬ ಕತ್ತಲು, ಮರದ ಮುಚ್ಚಿಗೆಗೂ (ಅಂದರೆ ಹಲಗೆಯ ಒಳಛಾವಣಿಗೂ) ಗೋಡೆಯ ಹಲಗೆಗೂ ಬಿಳಿ ಪೇಂಟ್ ಹೊಡೆಸಲಾ ಅಂತ ಕೇಳಿದ್ದೀರಿ. ನನ್ನ ಮಾತು ಕೇಳುವುದಾದರೆ, ಈಗಲೇ ಬೇಡ.

ಹಲಸು, ಸಾಗುವಾನಿಯ ಗಟ್ಟಿ ಹಲಗೆಯಾದರೆ ಅದರ ಕಪ್ಪು ಬಣ್ಣ ಮರದ್ದೇ ಆಗಿರಬೇಕೆಂದಿಲ್ಲ. ನಮ್ಮ ಕಡೆ ಗೆದ್ದಲು ಬಾರದಿರಲಿ ಅಂತ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಬಳಿಯುತ್ತಿದ್ದರು. ಅದರ ಮೇಲೆ ವರ್ಷಗಟ್ಟಲೆ ಒಲೆಯ ಹೊಗೆ ಬೇರೆ. ಒಂದು ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ಟರ್ಪೆಂಟೈನ್ ಅದ್ದಿದ ಹತ್ತಿ ಬಟ್ಟೆಯಿಂದ ಉಜ್ಜಿ ನೋಡಿ. ಬಟ್ಟೆಗೆ ಕಂದು ಹತ್ತಿ, ಕೆಳಗೆ ಮರದ ಗೆರೆ ಕಾಣಿಸಿತಾ? ಹಾಗಾದರೆ ಪೂರ್ತಿ ಒರೆಸಿ, ತೆಳುವಾಗಿ ಪಾಲಿಶ್ ಮಾಡಿಸಿದರೆ ಸಾಕು. ಎಷ್ಟು ಚಂದ ಬರುತ್ತದೆ ಗೊತ್ತಾ!

ನೇರವಾಗಿ ಬಿಳಿ ಹೊಡೆದರೆ ಹಳೇ ಎಣ್ಣೆ, ಮರದೊಳಗಿನ ಬಣ್ಣ ಹಳದಿ ಕಲೆಯಾಗಿ ಮೇಲೆ ಬರಬಹುದು. ಮಳೆಗಾಲದಲ್ಲಿ ಹಲಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಸಂದಿಯಲ್ಲಿ ಬಣ್ಣ ಬಿರಿಯುತ್ತದೆ. ಆಮೇಲೆ ಬೇಡ ಅನಿಸಿದರೆ ಸಂದಿಯೊಳಗಿನ ಪೇಂಟ್ ಕೆರೆಯುವುದು ಜಾಸ್ತಿ ಖರ್ಚಿನ ಕೆಲಸ.

ಬೆಳಕು ಬೇಕಾದರೆ ಹಲಗೆಯಿಲ್ಲದ ಗೋಡೆಗಳಿಗೆ ಬಿಳಿ ಬಳಿಸಿ. ಮುಚ್ಚಿಗೆ ಇಲ್ಲದ ಜಗಲಿಗೆ ನಾಲ್ಕು ಗಾಜಿನ ಹಂಚು ಹಾಕಿಸಿ.

ಗೋಡೆಯದ್ದು ಈಚಿನ ಪ್ಲೈವುಡ್ ಆದರೆ ಧಾರಾಳವಾಗಿ ಪೇಂಟ್ ಮಾಡಿ. ಸ್ಯಾಂಡ್‌ಪೇಪರ್ ಹಾಕಿ, ಕಲೆ ತಡೆಯುವ ಪ್ರೈಮರ್ ಕೊಟ್ಟು, ಡಿಸೆಂಬರ್ ನಂತರ ಶುರು ಮಾಡಿ.

ಏನೇ ಮಾಡಿದರೂ ಮೊದಲು ಅಟ್ಟ ಹತ್ತಿ, ಮುಚ್ಚಿಗೆಯ ಮೇಲ್ಭಾಗದಲ್ಲಿ ಗೆದ್ದಲಿನ ಮಣ್ಣಿದೆಯಾ ನೋಡಿ. ಇದ್ದರೆ ಅದಕ್ಕೆ ಔಷಧಿ ಹೊಡೆಸಿದ ಮೇಲೆಯೇ ಉಳಿದದ್ದು.