‘ನೆರವೇರಲಿ’ ಅನ್ನುವಲ್ಲಿ ನಿಂತುಹೋದ ಪ್ರಾರ್ಥನೆ

(ಗುರುತು ಸಿಗದಂತೆ ಊರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮಗಳ ಜೊತೆ ಶಿವಮೊಗ್ಗಕ್ಕೆ, ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಾಗ ಅವರಿಗೆ 54 ವರ್ಷ. ತೀರ್ಥಹಳ್ಳಿ ಕಡೆಯ ತೋಟದ ಮನೆ, ಕ್ಯಾಥೊಲಿಕ್ ಕುಟುಂಬ. ನಾನು ಅವರನ್ನು ಅಕ್ಕ ಎಂದೇ ಕರೆದೆ. ಇಲ್ಲೂ ಹಾಗೇ ಇರಲಿ.

ಗಂಡ ತೀರಿಕೊಂಡು ಏಳು ತಿಂಗಳಾಗಿತ್ತು. ತೀರಿಕೊಂಡದ್ದು ಜುಲೈನಲ್ಲಿ, ಜಡಿಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮೈಲುತುತ್ತ, ಸುಣ್ಣ ಕದಡಿ ಡ್ರಮ್ ತುಂಬಿಸಿಟ್ಟಿದ್ದರು. ಬೆಳಿಗ್ಗೆ ಗಂಡ ಎದೆ ಉರಿ ಎಂದರು. ‘ಗ್ಯಾಸ್ ಇರಬೇಕು’ ಎಂದು ಅಕ್ಕ ಜೀರಿಗೆ ಕಷಾಯ ಮಾಡಿಕೊಟ್ಟರು. ಹತ್ತು ಗಂಟೆಗೆ ತೋಟದಲ್ಲಿ ಕುಸಿದರು. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಗಳ ದೂರು ಒಂದೇ. ‘ಅಮ್ಮ ಅಳೋದೇ ಇಲ್ಲ. ಚರ್ಚಿನ ಪೂಜೆಗೆ ಹೋಗ್ತಾರೆ, ಕಲ್ಲಿನ ಹಾಗೆ ಕೂತಿರ್ತಾರೆ.’

ಮೊದಲ ಎರಡು ಭೇಟಿಯಲ್ಲಿ ಅಕ್ಕ ಮಾತಾಡಿದ್ದು ಅಡಿಕೆ ರೇಟು, ಕೊನೆಕೊಯ್ಲಿಗೆ ಆಳು ಸಿಗದ ಕಷ್ಟ, ಇಷ್ಟೇ. ನಾನು ಅವಸರ ಮಾಡಲಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ನೇರವಾಗಿ ಕೇಳಿದೆ: ‘ಸಾಯಬೇಕು ಅನ್ನಿಸುತ್ತದಾ?’ ಹೀಗೆ ಕೇಳಿದರೆ ಇಲ್ಲದ ಯೋಚನೆ ಬರುತ್ತದೆ ಎಂಬ ಭಯ ತುಂಬ ಜನರಿಗಿದೆ. ಹಾಗೇನೂ ಆಗುವುದಿಲ್ಲ, ಕೇಳಲೇಬೇಕು. ‘ಅವರ ಹತ್ತಿರ ಹೋಗಬೇಕು ಅನ್ನಿಸುತ್ತೆ ಮೇಡಂ. ನಾನಾಗಿ ಏನೂ ಮಾಡಿಕೊಳ್ಳಲ್ಲ’ ಎಂದರು. ಆದರೂ ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಆರು ತಿಂಗಳು ದಾಟಿದ ಮೇಲೂ ದುಃಖ ದಿನದ ಬದುಕನ್ನೇ ನಿಲ್ಲಿಸಿಬಿಟ್ಟಿದ್ದರೆ ಮನೋವೈದ್ಯರನ್ನೂ ಕಾಣಬೇಕಾಗುತ್ತದೆ. ಅಕ್ಕ ಉಣ್ಣುತ್ತಿದ್ದರು, ಮಲಗುತ್ತಿದ್ದರು, ತೋಟ ನೋಡಿಕೊಳ್ಳುತ್ತಿದ್ದರು. ಕಟ್ಟಿಕೊಂಡಿದ್ದದ್ದು ಬೇರೆಯೇ.

ಮೂರನೇ ಸಲ ಅದು ಹೊರಬಂತು. ಮಳೆಗೆ ಹೊದೆಯುತ್ತಿದ್ದ ಗಂಡನ ಕಂಬಳಿಕೊಪ್ಪೆ ಜಗಲಿಯ ಗೂಟದಲ್ಲೇ ನೇತಾಡುತ್ತಿದೆಯಂತೆ. ಯಾರಿಗೂ ಮುಟ್ಟಲು ಬಿಟ್ಟಿಲ್ಲ. ಮಡಿಕೆಯಲ್ಲಿ ಬೂಷ್ಟು ಬಂದು ಬೆಳ್ಳಗಾಗಿದೆ. ಅದನ್ನು ಹೇಳುತ್ತಾ ಹೇಳುತ್ತಾ, ‘ಪರಲೋಕ ಮಂತ್ರದಲ್ಲಿ (ಯೇಸು ಕಲಿಸಿದ ಪ್ರಾರ್ಥನೆ) ನಿನ್ನ ಚಿತ್ತ ನೆರವೇರಲಿ ಅಂತ ಬರುತ್ತಲ್ವಾ, ಅಲ್ಲಿಗೆ ನನ್ನ ಬಾಯಿ ಕಟ್ಟುತ್ತೆ’ ಎಂದರು. ‘ಬಂದವರೆಲ್ಲ ದೇವರ ಚಿತ್ತ, ದೇವರ ಚಿತ್ತ ಅಂದರು. ಅವರನ್ನ ಕರ್ಕೊಂಡು ಹೋಗೋದು ದೇವರ ಚಿತ್ತ ಆದ್ರೆ, ನನಗೆ ಗ್ಯಾಸ್ ಅಂತ ಹೇಳಿಸಿದ್ದು ಯಾರು?’

ಆಮೇಲೆ ಅತ್ತರು. ತುಂಬ ಹೊತ್ತು.

ಸಾವಿನ ಮನೆಗೆ ಹೋಗುವವರಿಗೆ ಕೈಮುಗಿದು ಕೇಳುತ್ತೇನೆ. ‘ದೇವರ ಚಿತ್ತ’ ಎಂಬ ಮಾತನ್ನು ಮೊದಲ ದಿನವೇ ಎಸೆಯಬೇಡಿ. ಬೈಬಲಿನಲ್ಲಿ, ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಸುಮ್ನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದ ಮೇಲೆ ಗಾಯ ಕೆದಕಿದರು.

ಅಪರಾಧಿ ಭಾವದ ಬಗ್ಗೆ ಮೊದಲು ಮಾತಾಡಿದೆವು. ಹೃದಯಾಘಾತ ಎಷ್ಟೋ ಸಲ ಎದೆ ಉರಿಯ ಹಾಗೇ ಶುರುವಾಗುತ್ತದೆ, ಅನುಭವಿಗಳೂ ಮೋಸಹೋಗುತ್ತಾರೆ. ‘ಅಕ್ಕ, ಹತ್ತು ಗಂಟೆಗೆ ಗೊತ್ತಾದದ್ದನ್ನ ಏಳು ಗಂಟೆಗೇ ಗೊತ್ತಿರಬೇಕಿತ್ತು ಅಂತ ನಿಮ್ಮನ್ನು ನೀವೇ ಬಯ್ಯುತ್ತಿದ್ದೀರಿ. ಏಳು ಗಂಟೆಗೆ ನಿಮಗೆ ಗೊತ್ತಿದ್ದಷ್ಟರಲ್ಲಿ ನೀವು ಒಲೆ ಹಚ್ಚಿ ಕಷಾಯ ಕಾಸಿದಿರಿ.’

ಪ್ರಾರ್ಥನೆಯ ವಿಷಯಕ್ಕೆ ಬೈಬಲನ್ನೇ ತೆಗೆದೆವು. ಸೆರೆಸಿಕ್ಕ ರಾತ್ರಿ ಗೆತ್ಸೆಮನೆಯಲ್ಲಿ ಯೇಸು ‘ನಿನ್ನ ಚಿತ್ತ’ ಅಂದದ್ದು ಎರಡನೇ ಮಾತು. ಮೊದಲ ಮಾತು, ಈ ಪಾತ್ರೆ, ಅಂದರೆ ಈ ಸಂಕಟ, ನನ್ನಿಂದ ದೂರವಾಗಲಿ ಎಂಬುದು. ಅದನ್ನು ಒಂದು ಸಲ ಹೇಳಿ ಮುಗಿಸಲಿಲ್ಲ, ಮತ್ತೆ ಮತ್ತೆ ಹೋಗಿ ಬೇಡಿದರು. ಅಕ್ಕ ಓದಿ ತಲೆಯೆತ್ತಿದರು. ‘ಅದೂ ತೋಟವೇ ಅಲ್ವಾ ಮೇಡಂ?’ ನನಗೆ ಅದು ಹೊಳೆದೇ ಇರಲಿಲ್ಲ.

ನನ್ನ ಸಲಹೆ ಇಷ್ಟೇ ಇತ್ತು. ಎರಡನೇ ಮಾತಿಗೆ ಬಾಯಿ ಬರುವವರೆಗೆ ಮೊದಲ ಮಾತನ್ನೇ ಹೇಳಿ. ಬೇಡ ಆಗಿತ್ತು ದೇವರೇ ಅನ್ನಿ, ಕೋಪ ಇದ್ದರೆ ಕೋಪದಲ್ಲೇ ಅನ್ನಿ. ಬೈಬಲಿನ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಾಟವೇ. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ರಾತ್ರಿ ಮಗಳ ಜೊತೆ ಜೋರಾಗಿ ಓದಲು ಹೇಳಿದೆ. ಅಳುವುದು ನಂಬಿಕೆ ಕಮ್ಮಿ ಆದದ್ದರ ಗುರುತಲ್ಲ. ಪೌಲರು ಥೆಸಲೋನಿಕದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ದುಃಖಪಡಲೇಬೇಡಿ ಎನ್ನಲಿಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಪಡಬೇಡಿ ಎಂದರು. ಪುನರುತ್ಥಾನವನ್ನು ನಂಬುವವರಿಗೂ ಸಮಾಧಿಯ ಮುಂದೆ ಅಳಲು ಜಾಗ ಇದೆ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸಲಿದ್ದ ಯೇಸುವೇ ಅತ್ತರಲ್ಲ. ಕೊಪ್ಪೆಯ ಬಗ್ಗೆ ನಾನೇನೂ ಹೇಳಲಿಲ್ಲ.

ಕೆಲವು ವಾರದ ನಂತರ ಅವರೇ ಅದನ್ನು ಇಳಿಸಿ, ಬೂಷ್ಟು ಕೊಡವಿ, ಬಚ್ಚಲೊಲೆಯ ಪಕ್ಕ ಕಾಯಿಸಿದರಂತೆ. ಬಿಸಿಗೆ ಗಂಡನ ಬೆವರಿನ ವಾಸನೆ ಬಂತಂತೆ. ಮುಖ ಒತ್ತಿ ಅತ್ತರಂತೆ.

ನವೆಂಬರ್ 2ರಂದು, ಸತ್ತವರ ಸ್ಮರಣೆಯ ದಿನ, ಸಮಾಧಿಗೆ ಮೇಣದಬತ್ತಿ ಹಚ್ಚಲು ಹೋದ ಅಕ್ಕ ಪಕ್ಕದ ಹೊಸ ಸಮಾಧಿಯ ಹತ್ತಿರ ಒಬ್ಬಳೇ ನಿಂತಿದ್ದ ಚಿಕ್ಕ ವಯಸ್ಸಿನ ಹೆಂಗಸನ್ನು ನೋಡಿದರು. ಹೋಗಿ ಪಕ್ಕದಲ್ಲಿ ಕೂತರು. ‘ಏನೂ ಹೇಳಲಿಲ್ಲ ಮೇಡಂ, ಕೈ ಹಿಡ್ಕೊಂಡೆ ಅಷ್ಟೇ.’

ಕೊನೆಯ ಭೇಟಿಯಲ್ಲಿ ಕೇಳಿದೆ, ಈಗ ಆ ಸಾಲು ಹೇಳುತ್ತೀರಾ ಎಂದು.

‘ಒಂದೊಂದು ದಿನ ಹೇಳ್ತೀನಿ. ಒಂದೊಂದು ದಿನ ಅಲ್ಲಿಗೆ ಬಂದಾಗ ಸುಮ್ಮನಾಗ್ತೀನಿ. ಸುತ್ತ ಇರೋರು ಹೇಳ್ತಾ ಇರ್ತಾರಲ್ಲ, ಮುಂದಿನ ಸಾಲಿಗೆ ಸೇರ್ಕೊಳ್ತೀನಿ.’