ಕೊಟ್ಟಿಗೆ ನೀರಿಗೆ ಫೆಂಟನ್ ಚಿಕಿತ್ಸೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: 40 ಹಸುಗಳ ಡೇರಿ ನಮ್ಮದು. ತೊಳೆದ ನೀರು ಬಯೋಗ್ಯಾಸ್ ಗುಂಡಿ ದಾಟಿ ಗಾಳಿ ಊದುವ ತೊಟ್ಟಿಗೆ ಹೋಗುತ್ತದೆ. ಆದರೂ ಡಿಕಾಕ್ಷನ್ ಬಣ್ಣ ಹೋಗುತ್ತಿಲ್ಲ. ಸಿ.ಒ.ಡಿ. (ನೀರಿನ ಕೊಳೆ ಸುಡಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 900 ಮಿ.ಗ್ರಾಂ. ಫೆಂಟನ್ (ಆಸಿಡ್ ಹಾಕಿದ ನೀರಿನಲ್ಲಿ ಕಬ್ಬಿಣ, ಪೆರಾಕ್ಸೈಡ್ ಬಳಸಿ ಕೊಳೆ ಒಡೆಯುವ ವಿಧಾನ) ಮಾಡಿಸಿ ಎನ್ನುತ್ತಿದ್ದಾರೆ. ಏನೇನು, ಎಷ್ಟೆಷ್ಟು ಹಾಕಬೇಕು?

ಉತ್ತರ: ಮೊದಲು ಒಂದು ಮಾತು. ಆ ನೀರು ನಿಮ್ಮದೇ ನೇಪಿಯರ್ ಹುಲ್ಲಿಗೆ ಹೋಗುವುದಾದರೆ ಇದರ ಗೋಜಿಗೆ ಹೋಗಬೇಡಿ. ಬಣ್ಣದಿಂದ ಹುಲ್ಲಿಗೆ ನಷ್ಟವಿಲ್ಲ, ಆಸಿಡ್ ಬಿದ್ದ ನೀರಿನ ಉಪ್ಪಿನಿಂದ ಇದೆ. ಹಳ್ಳಕ್ಕೋ ಕೆರೆಗೋ ಬಿಡಬೇಕಾದಾಗ ಮಾತ್ರ ಸಿ.ಒ.ಡಿ.ಯ ಲೀಟರಿಗೆ 250 ಮಿ.ಗ್ರಾಂ ಮಿತಿಗಾಗಿ ಇದನ್ನು ಯೋಚಿಸಿ.

ಉಳಿದಿರುವುದು ಬ್ಯಾಕ್ಟೀರಿಯಾ ತಿನ್ನಲಾರದ ಹ್ಯೂಮಿಕ್ ವಸ್ತು (ಸಗಣಿ, ಹುಲ್ಲು ಕೊಳೆತು ಉಳಿಯುವ ಕಂದು ಪದಾರ್ಥ). ಅನ್ನಭೇದಿಯ (ಫೆರಸ್ ಸಲ್ಫೇಟ್) ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಹುಟ್ಟುವ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಎಂಬ ಚುರುಕಾದ ಕಣ ಅದನ್ನು ಒಡೆಯುತ್ತದೆ. 1 ಗ್ರಾಂ ಸಿ.ಒ.ಡಿ. ಪೂರ್ತಿ ಸುಡಲು 2.1 ಗ್ರಾಂ ಪೆರಾಕ್ಸೈಡ್ ಬೇಕು. ಅಂದರೆ 1000 ಲೀಟರಿಗೆ 1.9 ಕಿಲೊ. ಅಷ್ಟು ಸುರಿಯುವ ಅಗತ್ಯವಿಲ್ಲ. ಕೊನೆಯಲ್ಲಿ ಕಬ್ಬಿಣದ ಗಸಿಯೂ ಒಂದಿಷ್ಟು ಹೊತ್ತೊಯ್ಯುತ್ತದೆ. ಅರ್ಧದಿಂದ ಶುರುಮಾಡಿ: ಶೇ. 50ರ ಪೆರಾಕ್ಸೈಡ್ 1.6 ಲೀಟರ್, ಅನ್ನಭೇದಿ ಅರ್ಧ ಕಿಲೊ. ತೊಟ್ಟಿಗೆ ಸುರಿಯುವ ಮುನ್ನ ಐದು ಜಾಡಿಗಳಲ್ಲಿ ಒಂದೊಂದು ಲೀಟರ್ ನೀರು ತೆಗೆದುಕೊಂಡು, ಪೆರಾಕ್ಸೈಡ್ 0.8, 1.2, 1.6, 2.0, 2.4 ಮಿ.ಲೀ. ಹಾಕಿ ನೋಡಿ. ಅನ್ನಭೇದಿ ಎಲ್ಲಕ್ಕೂ ಅರ್ಧ ಗ್ರಾಂ.

ಕ್ರಮ ತಪ್ಪಬಾರದು. ಹುಲ್ಲಿನ ನಾರು ಸೋಸಿ, ಪ್ಲಾಸ್ಟಿಕ್ ತೊಟ್ಟಿಗೆ ತುಂಬಿ, ಮೂರನೇ ಒಂದು ಭಾಗ ಖಾಲಿ ಬಿಡಿ. ನಿಧಾನವಾಗಿ ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿ.ಎಚ್. 3ಕ್ಕೆ ಇಳಿಸಿದರೆ ಬೈಕಾರ್ಬನೇಟ್ ಗಾಳಿಯಾಗಿ ನೊರೆ ಉಕ್ಕುತ್ತದೆ. ಆಮೇಲೆ ಕರಗಿಸಿದ ಅನ್ನಭೇದಿ. ಕೊನೆಗೆ ಪೆರಾಕ್ಸೈಡ್, ಅರ್ಧ ಗಂಟೆಯಲ್ಲಿ ಸಣ್ಣ ಧಾರೆಯಾಗಿ. ಒಮ್ಮೆಲೇ ಸುರಿದರೆ ರ್‍ಯಾಡಿಕಲ್ ಪೆರಾಕ್ಸೈಡನ್ನೇ ತಿಂದು ಹಾಕುತ್ತದೆ. ಒಂದೂವರೆ ಗಂಟೆ ಕಲಕಿ, ಸುಣ್ಣದ ಹಾಲಿನಿಂದ ಪಿ.ಎಚ್. 8–8.5ಕ್ಕೆ ಏರಿಸಿ, ಎರಡು ಗಂಟೆ ತಂಗಲು ಬಿಡಿ.

ಎಚ್ಚರ: ಬಯೋಗ್ಯಾಸ್ ಗುಂಡಿಯ ಬಗ್ಗಡಕ್ಕೆ ನೇರವಾಗಿ ಆಸಿಡ್ ಹಾಕಲೇಬೇಡಿ. ಅದರಲ್ಲಿರುವ ಸಲ್ಫೈಡ್, ಹೈಡ್ರೋಜನ್ ಸಲ್ಫೈಡ್ ಅನಿಲವಾಗಿ ಏಳುತ್ತದೆ. ಮೊದಲು ಕೊಳೆತ ಮೊಟ್ಟೆ ವಾಸನೆ ಬರುತ್ತದೆ. ಹೆಚ್ಚಾದಾಗ ಮೂಗೇ ಸತ್ತು ವಾಸನೆ ಗೊತ್ತಾಗುವುದಿಲ್ಲ, ಜೀವ ಹೋಗುತ್ತದೆ. ಚೆನ್ನಾಗಿ ಗಾಳಿ ಊದಿದ ನೀರನ್ನೇ, ಬಯಲಲ್ಲೇ ಬಳಸಿ. ಪೆರಾಕ್ಸೈಡ್ ಕ್ಯಾನಿಗೆ ಗಾಳಿ ಬಿಡುವ ಮುಚ್ಚಳವೇ ಇರಲಿ, ನೆರಳಲ್ಲಿಡಿ.

ಪ್ರಶ್ನೆ: ಪೆರಾಕ್ಸೈಡ್‌ಗಿಂತ ಆಸಿಡ್ ಖರ್ಚೇ ಹೆಚ್ಚಾಗುತ್ತಿದೆ. ಯಾಕೆ?

ಉತ್ತರ: ಕ್ಷಾರತೆ, ಅಂದರೆ ಆಸಿಡ್ಡನ್ನು ನುಂಗಿ ಪಿ.ಎಚ್. ಇಳಿಯಲು ಬಿಡದ ನೀರಿನ ಗುಣ. ಲೀಟರಿಗೆ 1000 ಮಿ.ಗ್ರಾಂ ಕ್ಷಾರತೆಯಿದ್ದರೆ ಪ್ರತಿ 1000 ಲೀಟರಿಗೆ ಸುಮಾರು 1 ಕಿಲೊ ಆಸಿಡ್ ಅದಕ್ಕೇ ಹೋಗುತ್ತದೆ. ಗಾಳಿ ಊದುವ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗುವಾಗ ಪ್ರತಿ ಗ್ರಾಂ ಸಾರಜನಕ 7 ಗ್ರಾಂ ಕ್ಷಾರತೆ ಕರಗಿಸುತ್ತದೆ. ಊದುವ ಹೊತ್ತು ಹೆಚ್ಚಿಸಿ, ಆಸಿಡ್ ತಾನಾಗಿ ಇಳಿಯುತ್ತದೆ. ಅಂದಹಾಗೆ ಫೆಂಟನ್ ಅಮೋನಿಯಾವನ್ನು ಮುಟ್ಟುವುದಿಲ್ಲ. ಸುಣ್ಣ ಬಿದ್ದೊಡನೆ ಗಂಜಲದ ಘಾಟು ಬಂದರೆ ಊದಿದ್ದು ಸಾಲದು ಎಂದೇ ಅರ್ಥ.

ಪ್ರಶ್ನೆ: ನೀರು ತಿಳಿಯಾಗಿದೆ, ಲ್ಯಾಬ್ ವರದಿಯಲ್ಲಿ ಸಿ.ಒ.ಡಿ. ಮಾತ್ರ ಕಡಿಮೆಯಾಗಿಲ್ಲ. ಗಸಿಯೂ ಮೇಲೆ ತೇಲುತ್ತದೆ.

ಉತ್ತರ: ಎರಡೂ ಒಂದೇ ಕಾರಣಕ್ಕೆ: ಪೆರಾಕ್ಸೈಡ್ ಉಳಿದಿದೆ. ಲ್ಯಾಬಿನಲ್ಲಿ ಸಿ.ಒ.ಡಿ. ಅಳೆಯುವ ಡೈಕ್ರೋಮೇಟ್ ಪರೀಕ್ಷೆ ಅದನ್ನೂ ಸಿ.ಒ.ಡಿ. ಎಂದೇ ಎಣಿಸುತ್ತದೆ, 1 ಗ್ರಾಂ ಉಳಿದರೆ 0.47 ಗ್ರಾಂವರೆಗೂ. ಸುಣ್ಣ ಹಾಕಿದ ಮೇಲೆ ಅದು ಒಡೆದು ಬರುವ ಆಮ್ಲಜನಕದ ಗುಳ್ಳೆಗಳೇ ಗಸಿಯನ್ನು ಮೇಲೆತ್ತುವುದು. ಪೆರಾಕ್ಸೈಡ್ ಪಟ್ಟಿ ಅದ್ದಿ ನೋಡಿ. ನೀಲಿ ತೋರಿದರೆ ಇನ್ನಷ್ಟು ಹೊತ್ತು ಕಲಕಿ, ಮುಂದಿನ ಬ್ಯಾಚಿಗೆ ಪ್ರಮಾಣ ಇಳಿಸಿ. ಮಾದರಿ ಕಳಿಸುವುದು ಪಟ್ಟಿ ಬಿಳಿಯಾಗಿಯೇ ಉಳಿದ ಮೇಲೆ.